ಐವತ್ತನೇ ನಂಬರಿನ ಮೇಜು

ಪ್ರಶ್ನೆ: ಗಾಳಿಸುದ್ದಿ ಬರೆದೇ ಒಬ್ಬ ಪತ್ರಕರ್ತ ಪ್ರಭಾವಿಯಾಗಬಹುದೇ? ಅಮೆರಿಕದ ವಾಲ್ಟರ್ ವಿಂಚೆಲ್ ಬಗ್ಗೆ ತಿಳಿಸಿ.
– ಓದುಗರೊಬ್ಬರು, ಸಾಗರ

ಉತ್ತರ: ಆದವನೇ ಆತ. 1897ರಲ್ಲಿ ನ್ಯೂಯಾರ್ಕಿನ ಬಡ ಯೆಹೂದಿ ಕುಟುಂಬದಲ್ಲಿ ಹುಟ್ಟಿದ ವಿಂಚೆಲ್, ಓದು ಬಿಟ್ಟು ಚಿಕ್ಕಂದಿನಲ್ಲೇ ರಂಗದ ಮೇಲೆ ಹಾಡಿ ಕುಣಿದು ಹೊಟ್ಟೆ ಹೊರೆದವನು. 1929ರಲ್ಲಿ ನ್ಯೂಯಾರ್ಕಿನ ‘ಡೈಲಿ ಮಿರರ್’ ಪತ್ರಿಕೆ ಸೇರಿದ ಮೇಲೆ ಆತನ ಅಂಕಣ ಊರೂರಿನ ಪತ್ರಿಕೆಗಳಿಗೆ ಹಂಚಿಕೆಯಾಯಿತು. ರೇಡಿಯೊದಲ್ಲಿ ತಂತಿಯಂತ್ರದ ಕಟಕಟ ಸದ್ದಿನ ನಡುವೆ ಒಂದೇ ಉಸಿರಿಗೆ ಸುದ್ದಿ ಹೇಳುತ್ತಿದ್ದ.

ಸಿರಿವಂತರೂ ತಾರೆಯರೂ ಸೇರುತ್ತಿದ್ದ ನ್ಯೂಯಾರ್ಕಿನ ನೈಟ್‌ಕ್ಲಬ್ ಸ್ಟಾರ್ಕ್ ಕ್ಲಬ್ಬಿನ 50ನೇ ನಂಬರಿನ ಮೇಜು ಆತನದು. ತಮ್ಮ ನಟನ ಹೆಸರು ಒಂದು ಸಾಲಿನಲ್ಲಿ ಬಂದರೆ ಸಾಕೆಂದು ಪ್ರಚಾರಕರ್ತರು ಬೇರೆಯವರ ಗುಟ್ಟನ್ನು ತಂದು ಒಪ್ಪಿಸುತ್ತಿದ್ದರು. ಸುಳ್ಳು ತಂದವರ ಹೆಸರು ಬಹಿಷ್ಕಾರದ ಪಟ್ಟಿಗೆ ಸೇರುತ್ತಿತ್ತು. ಸಿನಿಮಾ ಪುಟ ನೋಡಿಕೊಂಡಿದ್ದ ನಾನು ಈ ವ್ಯವಹಾರವನ್ನು ಹತ್ತಿರದಿಂದ ಬಲ್ಲೆ. ಅಂಕಣಕಾರ ಬೀದಿ ಅಲೆಯಬೇಕಿಲ್ಲ. ಹೆಸರಿನ ಹಸಿವಿರುವವರೇ ಸುದ್ದಿಯನ್ನು ಬಾಗಿಲಿಗೆ ತರುತ್ತಾರೆ. ಅವರಿಗೆ ಅವನ ಭಯ, ಅವನಿಗೆ ಅವರ ಅಗತ್ಯ.

ಒಳ್ಳೆಯದನ್ನೂ ಹೇಳಬೇಕು. ಹಿಟ್ಲರನ ಅಪಾಯವನ್ನು ಬೇಗ ಗುರುತಿಸಿ, ಅಮೆರಿಕದಲ್ಲಿದ್ದ ಅವನ ಬೆಂಬಲಿಗರನ್ನು ಹೆಸರು ಹಿಡಿದು ಝಾಡಿಸಿದ ಧೈರ್ಯ ಆತನದು. ಗೆಳೆಯ ಡೇಮನ್ ರನ್ಯನ್ 1946ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಾಗ ಆ ರೋಗದ ಸಂಶೋಧನೆಗೆ ರೇಡಿಯೊದಲ್ಲೇ ಹಣ ಕೇಳಿದ. ಆ ನಿಧಿ ಇಂದಿಗೂ ಇದೆ.

ಇಂಥವನೇ 1951ರಲ್ಲಿ ನಡೆದುಕೊಂಡ ರೀತಿ ನನಗೆ ಸಹಿಸಲಾಗದು. ಕಪ್ಪು ಗಾಯಕಿ ಜೋಸೆಫೀನ್ ಬೇಕರ್ ಅದೇ ಕ್ಲಬ್ಬಿನಲ್ಲಿ ಊಟಕ್ಕೆ ಹೇಳಿ ಬಹಳ ಹೊತ್ತು ಕಾದರೂ ತಟ್ಟೆ ಬರಲಿಲ್ಲ. ಇದು ವರ್ಣಭೇದ ಎಂದು ಆಕೆ ಪ್ರತಿಭಟಿಸಿದರು. ಅಂದು ಅಲ್ಲಿದ್ದ ವಿಂಚೆಲ್ ಸುಮ್ಮನಿದ್ದನೆಂದೂ ದೂರಿದರು. ಆತ ತಪ್ಪು ಯಾರದೆಂದು ಕೇಳಲಿಲ್ಲ. ಆಕೆಯನ್ನು ಕಮ್ಯುನಿಸ್ಟರ ಪಕ್ಷಪಾತಿಯೆಂದು ಅಂಕಣದಲ್ಲಿ ಜರೆದ. ಆಕೆಯ ಕಾರ್ಯಕ್ರಮಗಳು ರದ್ದಾಗತೊಡಗಿದವು. ಮುಂದೆ, ಕಂಡಕಂಡವರನ್ನು ಕಮ್ಯುನಿಸ್ಟರೆಂದು ದೂರಿ ಬೇಟೆಯಾಡಿದ ಸೆನೆಟರ್ ಮೆಕಾರ್ಥಿಯ ಬೆನ್ನಿಗೂ ನಿಂತ.

1963ರಲ್ಲಿ ‘ಮಿರರ್’ ಮುಚ್ಚಿತು, 1972ರಲ್ಲಿ ವಿಂಚೆಲ್ ತೀರಿಕೊಂಡ. ಆತನನ್ನು ಟೆಲಿವಿಷನ್ ನುಂಗಿತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಾಜಿಗಳ ವಿರುದ್ಧ ಅಬ್ಬರಿಸಿದವನು ತನ್ನ ಮೇಜಿನ ಪಕ್ಕದಲ್ಲೇ ನಡೆದ ಅವಮಾನಕ್ಕೆ ಬೆನ್ನು ತಿರುಗಿಸಿದ ಮೇಲೆ, ಅದುವರೆಗೆ ಮೆಚ್ಚಿದ್ದ ಎಷ್ಟೋ ಓದುಗರೇ ಆತನ ಕೈಬಿಟ್ಟಿದ್ದರು.