ದೊಡ್ಡ ಮಗುವಿನ ಹೆಸರಿಗೆ ಹೊಂದುವ ಹೆಸರನ್ನು ಎರಡನೇ ಮಗುವಿಗೆ ಆರಿಸುವುದು ಹೇಗೆ?

ಎರಡೂ ಹೆಸರು ಒಂದೇ ಧಾಟಿಯಲ್ಲಿರಲಿ, ಆದರೆ ಸದ್ದು ಬೇರೆ ಬೇರೆ ಇರಲಿ. ಮುಖ್ಯವಾಗಿ ಮೊದಲ ಅಕ್ಷರ ಮತ್ತು ಕೊನೆಯ ಸದ್ದು.

ಕಾರಣ ಇಷ್ಟೇ. ಮನೆಯವರ ಹೆಸರುಗಳೆಲ್ಲ ನಮ್ಮ ನೆನಪಿನಲ್ಲಿ ಒಂದೇ ಗುಂಪಾಗಿ ಕೂತಿರುತ್ತವೆ. ಅವಸರದಲ್ಲಿ ಕರೆಯುವಾಗ ಒಬ್ಬರ ಬದಲು ಇನ್ನೊಬ್ಬರ ಹೆಸರು ಬಾಯಿಗೆ ಬರುವುದು ಅದಕ್ಕೇ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡುಬಂತು. ಹೆಸರುಗಳ ಸದ್ದು ಒಂದನ್ನೊಂದು ಹೋಲುತ್ತಿದ್ದರೆ ಈ ತಪ್ಪು ಇನ್ನೂ ಜಾಸ್ತಿ.

ಕಾವ್ಯಾ, ನವ್ಯಾ ಅಂತ ಬರೆದು ನೋಡಿದರೆ ಮುದ್ದಾಗಿಯೇ ಕಾಣುತ್ತದೆ. ಆದರೆ ಒಳಗಿನ ಕೋಣೆಯಿಂದ ಕೂಗಿದಾಗ ಕಿವಿಗೆ ಬೀಳುವುದು ಕೊನೆಯಲ್ಲಿ ಎಳೆದ 'ವ್ಯಾ...' ಮಾತ್ರ. ಕರೆದದ್ದು ಯಾರನ್ನು ಅಂತ ಇಬ್ಬರಿಗೂ ಗೊತ್ತಾಗುವುದಿಲ್ಲ. ಕಾವ್ಯಾಗೆ ತಮ್ಮ ಬಂದರೆ ರೋಹನ್, ತಂಗಿಯಾದರೆ ಮೇಘನಾ ಚೆನ್ನಾಗಿ ಹೊಂದುತ್ತದೆ. ಒಂದೇ ಧಾಟಿ ಅಂದರೆ ಇದೇ. ದೊಡ್ಡವನಿಗೆ ವೆಂಕಟರಮಣ ಅಂತ ಹಳೇ ಕಾಲದ ಉದ್ದ ಹೆಸರು, ಚಿಕ್ಕವಳಿಗೆ ಕಿಯಾ ಅಂತ ಈಗಿನ ಪುಟ್ಟ ಹೆಸರು ಇಟ್ಟರೆ ಅವು ಅಕ್ಕಪಕ್ಕ ಕೂರುವುದಿಲ್ಲ.

ಕರೆಯುವ ಹೆಸರಿನ ಬಗ್ಗೆ ತುಂಬಾ ಜನ ಯೋಚಿಸುವುದೇ ಇಲ್ಲ. ಅನನ್ಯಾ, ಅನುಷಾ ಇಬ್ಬರೂ ಮನೆಯಲ್ಲಿ 'ಅನು' ಆಗಿಬಿಡುತ್ತಾರೆ, ಅಲ್ವಾ? ಹಾಗಾಗಿ ಮೊಟಕು ಮಾಡಿಯೂ ಒಮ್ಮೆ ಕರೆದು ನೋಡಿ.

ಅರ್ಥ ಜೋಡಿಯಾಗಲೇಬೇಕು ಅಂತೇನಿಲ್ಲ. ಜೀವನದ ಬಹುಪಾಲು ಆ ಮಗು ಒಂಟಿಯಾಗಿಯೇ ತನ್ನ ಹೆಸರು ಹೇಳಿಕೊಳ್ಳುತ್ತದೆ. ಪಟ್ಟಿಯಲ್ಲಿ ಎರಡು-ಮೂರು ಹೆಸರು ಉಳಿದಾಗ, ದೊಡ್ಡ ಮಗುವಿನ ಹೆಸರಿನ ಜೊತೆ ಸೇರಿಸಿ ಕೆಲವು ದಿನ ಜೋರಾಗಿ ಕರೆಯುತ್ತಾ ಇರಿ. ನಾಲಿಗೆ ತಡವರಿಸುವ ಹೆಸರನ್ನು ಕೈಬಿಡಿ.