ಮೇ ತಿಂಗಳಲ್ಲಿ ಹನ್ನೊಂದು ಗಂಟೆಗೆ ಗೊಮ್ಮಟನ ಬೆಟ್ಟ ಹತ್ತಬೇಡಿ

ತಾವು ಗುಂಪಿನಲ್ಲಿ ಹಾಕಿರುವ ಯೋಜನೆಯನ್ನು ಎರಡು ಬಾರಿ ಓದಿದೆ. ಮೇ ಮೊದಲ ವಾರ, ಜೊತೆಗೆ ಅರವತ್ತೆಂಟರ ತಾಯಿಯವರು ಮತ್ತು ಇಬ್ಬರು ಮಕ್ಕಳು. ಬೆಂಗಳೂರಿನಿಂದ ಬೆಳಿಗ್ಗೆ ಏಳಕ್ಕೆ ಹೊರಟು, ದಾರಿಯಲ್ಲಿ ತಿಂಡಿ ಮುಗಿಸಿ, ಹನ್ನೊಂದಕ್ಕೆ ಶ್ರವಣಬೆಳಗೊಳದ ದೊಡ್ಡಬೆಟ್ಟ ಹತ್ತಿ, ಇಳಿದು ಊಟ ಮಾಡಿ, ಅದೇ ದಿನ ಬೇಲೂರು ಹಳೇಬೀಡನ್ನೂ ನೋಡಿಕೊಂಡು ಹಾಸನದಲ್ಲಿ ತಂಗುವುದು. ಒಂಬತ್ತು ವರ್ಷಗಳ ಹಿಂದೆ ನಾನು ಹಾಕಿಕೊಂಡಿದ್ದ ಯೋಜನೆಯೂ ಇದೇ ಆಗಿದ್ದರಿಂದ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ.

ಇಲ್ಲಿ ಉತ್ತರಿಸಿದವರೆಲ್ಲ ಮೆಟ್ಟಿಲುಗಳ ಲೆಕ್ಕವನ್ನೇ ಹೇಳುತ್ತಿದ್ದಾರೆ. ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳಿರುವುದು ನಿಜ, ಊರಿನ ಮಟ್ಟದಿಂದ ಬೆಟ್ಟ ಸುಮಾರು 470 ಅಡಿ ಎತ್ತರವಿರುವುದೂ ನಿಜ. ಆದರೆ ನಿಂತು ನಿಂತು ಹತ್ತಿದರೆ ಅರವತ್ತೆಂಟರವರು ಹತ್ತಲಾರದ ಬೆಟ್ಟವೇನೂ ಅದಲ್ಲ. ಬೇಸಿಗೆಯಲ್ಲಿ ಕಷ್ಟ ಕೊಡುವುದು ಕಲ್ಲು. ಚಪ್ಪಲಿಯನ್ನು ಬೆಟ್ಟದ ಬುಡದಲ್ಲೇ ಬಿಡಬೇಕು, ಮೆಟ್ಟಿಲುಗಳನ್ನು ಬಂಡೆಯಲ್ಲೇ ಕಡಿದಿದ್ದಾರೆ, ಉದ್ದಕ್ಕೂ ಒಂದು ಮರದ ನೆರಳಿಲ್ಲ. ಅದೂ ಅಲ್ಲದೆ ಆ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯ ವಾರ ನಡುಹಗಲಿನ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ಮೇ ಮೊದಲ ವಾರವೆಂದರೆ ಅದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಅಂದು ನಾವು ಹತ್ತುವಾಗ ಕಲ್ಲು ಬರೀ ಬೆಚ್ಚಗಿತ್ತು, ಹಾಗಾಗಿ ಮೋಸಹೋದೆವು. ಮೇಲೆ ಮೂರ್ತಿಯ ಸುತ್ತ ಇರುವ ಕಂಬಗಳ ಸುತ್ತಾಲಯದ ನೆರಳಿನಲ್ಲಿ ಒಂದು ಗಂಟೆ ಹಾಯಾಗಿ ಕುಳಿತು, ಹೊಯ್ಸಳರ ದಂಡನಾಯಕ ಗಂಗರಾಜ ಆ ಸುತ್ತಾಲಯವನ್ನು ಕಟ್ಟಿಸಿದ್ದಕ್ಕೆ ಮನಸ್ಸಿನಲ್ಲೇ ಕೈಮುಗಿದು, ಒಂದು ಗಂಟೆಯ ಹೊತ್ತಿಗೆ ಇಳಿಯಲು ಹೊರಟೆವು. ದಾರಿಯಲ್ಲಿ ಒಂದೇ ಬಂಡೆಯಲ್ಲಿ ಕಡಿದ ಅಖಂಡ ಬಾಗಿಲಿನ ನೆರಳು ದಾಟಿ ಬಯಲು ಬಂಡೆಯ ಮೇಲೆ ಹೆಜ್ಜೆ ಇಟ್ಟ ನಮ್ಮ ಅತ್ತೆಯವರು ತಕ್ಷಣ ಹಿಂದಕ್ಕೆ ಸರಿದು ಹೊಸ್ತಿಲ ಮೇಲೆ ನಿಂತುಬಿಟ್ಟರು. ಅವರ ಕಾಲಲ್ಲಿದ್ದದ್ದು ಬುಡದಲ್ಲಿ ಕೊಂಡ ತೆಳು ನೈಲಾನ್ ಕಾಲುಚೀಲ. ಅದನ್ನು ನೀರಿನಲ್ಲಿ ನೆನೆಸಿದರೆ ತಂಪಾಗಿರುತ್ತದೆಂದು ನಾನೇ ಜಾಣತನ ತೋರಿಸಿ ಬಾಟಲಿಯ ನೀರು ಸುರಿದೆ. ಹತ್ತು ಹೆಜ್ಜೆಯಲ್ಲಿ ಆ ನೀರೂ ಕಾದು, ನಯವಾದ ಮೆಟ್ಟಿಲಿನ ಮೇಲೆ ಕಾಲು ಬೇರೆ ಜಾರತೊಡಗಿತು. ಕೊನೆಗೆ ಎರಡು ಟವೆಲುಗಳನ್ನು ನಾಲ್ಕು ಮಡಿಕೆ ಮಾಡಿ ಒಂದರ ಮುಂದೊಂದು ಹಾಸಿದೆವು. ಅವರು ಮುಂದಿನದರ ಮೇಲೆ ನಿಂತಾಗ ಹಿಂದಿನದನ್ನು ಎತ್ತಿ ಕೆಳಗಿನ ಮೆಟ್ಟಿಲಿಗೆ ಹಾಸುವುದು, ಮತ್ತೆ ಎತ್ತುವುದು, ಮತ್ತೆ ಹಾಸುವುದು. ಹೀಗೆ ನಲವತ್ತು ಮೆಟ್ಟಿಲು ಇಳಿಯಲು ಅರ್ಧ ಗಂಟೆ ಹಿಡಿಯಿತು. ಬುಡ ತಲುಪಿದಾಗ ಅವರ ಎರಡೂ ಹೆಬ್ಬೆರಳುಗಳ ಕೆಳಗೆ ಅವರೆಕಾಳಿನಷ್ಟು ದಪ್ಪ ಬೊಬ್ಬೆಗಳು ಎದ್ದಿದ್ದವು. ಬೇಲೂರಿಗೆ ಹೋಗುವ ಮಾತೇ ಇರಲಿಲ್ಲ. ಚನ್ನರಾಯಪಟ್ಟಣದಲ್ಲಿ ಮುಲಾಮು ಕೊಂಡು ಬೆಂಗಳೂರಿಗೆ ಹಿಂದಿರುಗಿದೆವು.

ಅಂದಿನಿಂದ ನಾನು ಅನುಸರಿಸುತ್ತಿರುವ ಕ್ರಮ ಹೀಗಿದೆ. ಹಿಂದಿನ ಸಂಜೆಯೇ ಹೋಗಿ ಕ್ಷೇತ್ರದ ವಸತಿಗೃಹದಲ್ಲಿ ತಂಗಬೇಕು, ಬೆಟ್ಟದ ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆಂದು ಅಲ್ಲಿಯೇ ವಿಚಾರಿಸಿಕೊಂಡು ಮರುದಿನ ಆ ಹೊತ್ತಿಗೆ ಸರಿಯಾಗಿ ಮೊದಲ ಮೆಟ್ಟಿಲ ಬಳಿ ಇರಬೇಕು, ಒಂಬತ್ತರೊಳಗೆ ಕೆಳಗಿಳಿದಿರಬೇಕು. ಭೋಜನಾಲಯವನ್ನು ನೆಚ್ಚಿಕೊಳ್ಳುವವರು ಸಂಜೆ ಬೇಗ ತಲುಪಬೇಕು. ಜೈನರಲ್ಲಿ ಸೂರ್ಯಾಸ್ತದ ಮೇಲೆ ಊಟವಿಲ್ಲ, ಎಂಟು ಗಂಟೆಗೆ ಹೋಗಿ ಅನ್ನ ಕೇಳುವುದು ನಮ್ಮ ತಪ್ಪೇ ಹೊರತು ಅವರದಲ್ಲ. ಸಂಜೆ ಹತ್ತಿದರಾಯಿತು ಎಂದು ಇಲ್ಲಿ ಒಬ್ಬರು ಬರೆದಿದ್ದಾರೆ. ದಿನವಿಡೀ ಕಾದ ಬಂಡೆ ನಾಲ್ಕು ಗಂಟೆಗೆ ಆರಿರುವುದಿಲ್ಲ. ಜೊತೆಗೆ ಮೇ ತಿಂಗಳ ಸಂಜೆಗಳಲ್ಲಿ ಆ ಸೀಮೆಗೆ ಗುಡುಗು ಮಳೆ ಬರುವುದು ಸಾಮಾನ್ಯ, ಬೋಳು ಬಂಡೆಯ ನೆತ್ತಿಯ ಮೇಲೆ ಸಿಡಿಲಿಗೆ ಸಿಕ್ಕಿಕೊಳ್ಳುವ ಆಸೆ ನನಗಂತೂ ಇಲ್ಲ.

ಕಾಲುಚೀಲವನ್ನು ಮನೆಯಿಂದಲೇ ಒಯ್ಯಿರಿ. ದಪ್ಪ ಹತ್ತಿಯದು, ಒಬ್ಬೊಬ್ಬರಿಗೆ ಎರಡು ಜೊತೆ, ಒಂದರ ಮೇಲೊಂದು, ಪೂರ್ತಿ ಒಣಗಿದ್ದಿರಬೇಕು. ಜಾಕಿಯದಾದರೂ ಸರಿ, ಸಂತೆಯದಾದರೂ ಸರಿ, ಪಾದದಡಿ ಟವೆಲಿನಂತೆ ಒರಟಾಗಿದ್ದರೆ ಸಾಕು. ಆದರೆ ಕಾಲುಚೀಲದಲ್ಲಿ ಇಳಿಯುವಾಗ ಜಾರುವ ಭಯವಿರುವುದರಿಂದ ತಾಯಿಯವರು ಕಂಬಿ ಹಿಡಿದು ಅಡ್ಡಡ್ಡವಾಗಿ ಇಳಿಯಲಿ. ಮಂಡಿ ನೋವಿದ್ದರೆ ಡೋಲಿಯವರೊಂದಿಗೆ ಕೆಳಗೇ ಮಾತನಾಡಿ, ಹೋಗಿ ಬರುವುದಕ್ಕೆ ಸೇರಿಸಿ ದರ ಗೊತ್ತು ಮಾಡಿಕೊಳ್ಳಿ. ನಾನು ಅಂದು ಮೇಲೆ ನಿಂತು ಇಳಿಯಲು ಮಾತ್ರ ಡೋಲಿ ಹುಡುಕಿದೆ, ಸಿಗಲಿಲ್ಲ. ನೀರಿನ ಜೊತೆ ಗ್ಲೂಕೋಸ್ ಪುಡಿಯ ಡಬ್ಬಿ ಹೊರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಬೆವರಿದವರಿಗೆ ಉಪ್ಪೂ ಬೇಕು. ಉಪ್ಪು ಸಕ್ಕರೆ ಎರಡೂ ಇರುವ ಓಆರ್‌ಎಸ್ ಪುಡಿ ಎಲೆಕ್ಟ್ರಾಲ್‌ನ ದೊಡ್ಡ ಪೊಟ್ಟಣವನ್ನು ಒಂದು ಲೀಟರಿಗೆ ಬೆರೆಸಿಕೊಳ್ಳಿ. ತಾಯಿಯವರಿಗೆ ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಇದ್ದರೆ ಅದನ್ನೂ ವೈದ್ಯರನ್ನು ಕೇಳಿಯೇ ಕೊಡಿ.

ಬೇಸಿಗೆಗೆ ಒಂದು ಲಾಭವಿದೆ, ಅದನ್ನು ಮುಚ್ಚಿಡಬಾರದು. 58 ಅಡಿಯ ಗೊಮ್ಮಟ ನಿಂತಿರುವುದು ಉತ್ತರಕ್ಕೆ ಮುಖ ಮಾಡಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಿರುವುದರಿಂದ ಬೆಳಕು ಬೆನ್ನ ಕಡೆಗೆ ಬಿದ್ದು ಮುಖ ಮಂಕಾಗುತ್ತದೆ. ಮೇ, ಜೂನ್ ತಿಂಗಳುಗಳಲ್ಲಿ ಸೂರ್ಯ ಈಶಾನ್ಯಕ್ಕೆ ಹುಟ್ಟುವುದರಿಂದ ಎಳೆಬಿಸಿಲು ಆತನ ಬಲಗೆನ್ನೆಯ ಕಡೆಯಿಂದ ಓರೆಯಾಗಿ ಬೀಳುತ್ತದೆ. ತೋಳಿಗೆ ಸುತ್ತಿದ ಬಳ್ಳಿಯ ಎಲೆಗಳು ಆಗ ಒಂದೊಂದಾಗಿ ಎದ್ದು ಕಾಣುವ ಹಾಗೆ ಬೇರೆ ಹೊತ್ತಿನಲ್ಲಿ ಕಾಣುವುದಿಲ್ಲ. ಮಕ್ಕಳಿಗೆ ಪಾದದ ಬಳಿಯ ‘ಶ್ರೀ ಚಾಮುಂಡರಾಜಂ ಮಾಡಿಸಿದಂ’ ಎಂಬ ಸಾಲನ್ನು ತೋರಿಸಿ, ಮೂರ್ತಿಯನ್ನು ಮಾಡಿಸಿದ ಗಂಗರ ಮಂತ್ರಿ ಚಾವುಂಡರಾಯನ ಹೆಸರು ಅದು, ಸಾವಿರ ವರ್ಷದ ಹಿಂದಿನ ಕನ್ನಡವಾದರೂ ಅರ್ಥ ಹೇಳಿಕೊಡಬೇಕಾಗಿಲ್ಲ. ಮಹಾಮಸ್ತಕಾಭಿಷೇಕಕ್ಕೇ ಹೋಗಿ ಎಂದವರಿಗೆ: ಅದು ಹನ್ನೆರಡು ವರ್ಷಕ್ಕೊಮ್ಮೆ, ಕಳೆದದ್ದು 2018ರ ಫೆಬ್ರವರಿಯಲ್ಲಿ ನಡೆಯಿತು. ತಾಯಿಯವರನ್ನು ಅಲ್ಲಿಯವರೆಗೆ ಕಾಯಿಸಬೇಡಿ.

ಇನ್ನು ಬೇಲೂರು ಹಳೇಬೀಡನ್ನು ಅದೇ ದಿನಕ್ಕೆ ತುರುಕುವುದನ್ನು ದಯವಿಟ್ಟು ಬಿಡಿ. ಬೇಲೂರಿನಲ್ಲಿಯೂ ಚಪ್ಪಲಿ ಹೊರಗೇ, ಅಲ್ಲಿಯ ಹಾಸುಗಲ್ಲಿನ ಅಂಗಳವೂ ಮಧ್ಯಾಹ್ನ ಕಾವಲಿಯೇ. ಬದಲಿಗೆ ಒಂಬತ್ತಕ್ಕೆ ಇಳಿದು ತಿಂಡಿ ತಿಂದು, ಊರಿನಿಂದ ಕೂಗಳತೆಯಲ್ಲಿರುವ ಜಿನನಾಥಪುರದ ಶಾಂತಿನಾಥ ಬಸದಿಗೆ ಹೋಗಿ; ಹೊರಗೋಡೆಯ ಹೊಯ್ಸಳ ಕೆತ್ತನೆ ಬೇಲೂರಿಗೆ ಹೋಗಲಾಗಲಿಲ್ಲವೆಂಬ ಕೊರಗನ್ನು ಅರ್ಧ ಕಳೆಯುತ್ತದೆ. ದೊಡ್ಡಬೆಟ್ಟದ ಎದುರಿನ ಚಿಕ್ಕಬೆಟ್ಟದ ಮೆಟ್ಟಿಲು ಕಡಿಮೆ, ಮೇಲೆ ಬಸದಿಗಳು ಒತ್ತೊತ್ತಾಗಿರುವುದರಿಂದ ನೆರಳೂ ಉಂಟು, ಆದರೂ ಗುಡುಗಿನ ಸೂಚನೆಯಿಲ್ಲದಿದ್ದರೆ ಅದನ್ನು ತಲುಪಿದ ದಿನದ ಸಂಜೆಗೇ ಮುಗಿಸಿಕೊಳ್ಳುವುದು ಮೇಲು. ಅಲ್ಲಿಯ ಚಂದ್ರಗುಪ್ತ ಬಸದಿಯ ಜಾಲಂಧ್ರದಲ್ಲಿ, ಅಂದರೆ ತೂತುಗಳಿರುವ ಕಲ್ಲಿನ ಜಾಲರಿಯಲ್ಲಿ, ಜೈನ ಮುನಿ ಭದ್ರಬಾಹು ಮತ್ತು ಮೌರ್ಯ ದೊರೆ ಚಂದ್ರಗುಪ್ತರ ಕಥೆಯನ್ನು ಅಂಗೈಯಗಲದ ಚೌಕಗಳಲ್ಲಿ ಕೆತ್ತಿದ್ದಾರೆ, ಒಳಗೆ ಬೆಳಕು ಕಡಿಮೆ, ಟಾರ್ಚ್ ಇಟ್ಟುಕೊಂಡಿರಿ. ಮತ್ತೆ, ಟವೆಲು ಎರಡು.