ಅರಬ್ಬಿ ಮಾತಾಡುವ ಗೆಳೆಯನಿಗೆ ಇಂಗ್ಲಿಷ್ ನುಡಿಗಟ್ಟು ಹೇಳಿಕೊಡುವುದು ಹೇಗೆ?

ನೀವು ಜುಬೈಲ್‌ನಲ್ಲಿ ಕೆಲಸದಲ್ಲಿದ್ದೀರಿ. ಜತೆಗಿರುವ ಸೌದಿ ಹುಡುಗನಿಗೆ ಇಂಗ್ಲಿಷ್ ಓದಲು ಬರೆಯಲು ಬರುತ್ತದೆ, ಆದರೆ ಮೀಟಿಂಗಿನಲ್ಲಿ ಯಾರಾದರೂ ನುಡಿಗಟ್ಟು ಬಳಸಿದರೆ ತಬ್ಬಿಬ್ಬಾಗುತ್ತಾನೆ. ನೆಟ್‌ನಲ್ಲಿ ಸಿಗುವ ನೂರು ನುಡಿಗಟ್ಟುಗಳ ಪಟ್ಟಿ ಕೊಟ್ಟರೆ ಸಾಕಾ, ಉಚ್ಚಾರವನ್ನೂ ತಿದ್ದಬೇಕಾ ಅಂತ ಕೇಳಿದ್ದೀರಿ.

ಪಟ್ಟಿ ಬೇಡ. ನಾನು ಮಸ್ಕತ್‌ನಲ್ಲಿದ್ದಾಗ ಆಫೀಸು ಮುಗಿದ ಮೇಲೆ ಒಮಾನಿ ಮತ್ತು ಈಜಿಪ್ಟಿನ ಹುಡುಗರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ನೇರವಾಗಿ ಅರ್ಥ ಹೇಳಿದರೆ ಅದು ನಿಲ್ಲುವುದಿಲ್ಲ. ಸಂದರ್ಭ ವಿವರಿಸಿ, 'ಇಂಥ ಕಡೆ ನೀವು ಅರಬ್ಬಿಯಲ್ಲಿ ಏನು ಹೇಳ್ತೀರಿ?' ಅಂತ ಕೇಳಿ. ಅರ್ಧ ಪಾಠ ಅವನೇ ಮಾಡುತ್ತಾನೆ.

ಆ ಪಟ್ಟಿಗಳಲ್ಲಿ 'ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್' ತಪ್ಪದೆ ಇರುತ್ತದೆ. ಮಳೆಯೇ ಅಪರೂಪವಾದ ಊರಿನಲ್ಲಿ ಅದನ್ನು ಅವನು ಯಾರಿಗೆ ಹೇಳಬೇಕು? ಅದರ ಬದಲು ದಿನಾ ಕಿವಿಗೆ ಬೀಳುವ ಸಣ್ಣ ಮಾತುಗಳಿಂದ ಶುರು ಮಾಡಿ. ಜಾಸ್ತಿ ಎಡವುವುದು ಅಲ್ಲೇ. 'ಹೆಲ್ಪ್ ಯುವರ್‌ಸೆಲ್ಫ್' ತೆಗೆದುಕೊಳ್ಳಿ. ಮನೆಗೆ ಬಂದವರಿಗೆ ತಾನೇ ಕಾಫಿ ಬಗ್ಗಿಸಿ, ಖರ್ಜೂರ ಮುಂದಿಟ್ಟು ಉಪಚರಿಸುವ ಮಂದಿ ಅವರು. ಊಟದ ಮೇಜಿನಲ್ಲಿ ಈ ಮಾತು ಕೇಳಿದರೆ 'ನಿನ್ನ ಕೆಲಸ ನೀನೇ ನೋಡಿಕೋ' ಅಂದ ಹಾಗೆ ಇರುತ್ತದೆ. ಅದು ನಿಮ್ಮ 'ತಫದ್ದಲ್' (ಬನ್ನಿ, ತೆಗೆದುಕೊಳ್ಳಿ ಅನ್ನುವ ಉಪಚಾರದ ಮಾತು) ಅಂದುಬಿಡಿ, ಮುಗಿಯಿತು. 'ಐ ಆಮ್ ಅಫ್ರೇಡ್ ವಿ ಕಾಂಟ್' ಅಂದಾಗ ಯಾರೂ ಹೆದರಿಲ್ಲ, ಮರ್ಯಾದೆಯಿಂದ ಇಲ್ಲ ಅಂದಿದ್ದಾರೆ ಅಷ್ಟೆ. ಇನ್ನು 'ಟೆಲ್ ಮಿ ಅಬೌಟ್ ಇಟ್'. ಇವನು ಟ್ರಾಫಿಕ್ ಬಗ್ಗೆ ಗೊಣಗುತ್ತಾನೆ, ಎದುರಿನವರು ಹೀಗನ್ನುತ್ತಾರೆ, ಇವನು ಪಾಪ ಟ್ರಾಫಿಕ್ಕಿನ ಕಥೆಯನ್ನು ಮೊದಲಿನಿಂದ ಹೇಳಲು ಕೂರುತ್ತಾನೆ. 'ನನಗೂ ಅದೇ ಗೋಳು, ಬಿಡಪ್ಪ' ಅನ್ನುವುದು ಅದರ ಅರ್ಥ ಅಂತ ಹೇಳಿಕೊಡದಿದ್ದರೆ ಗೊತ್ತಾಗುವುದೇ ಇಲ್ಲ.

'ಹೌ ಆರ್ ಯೂ' ಕೂಡ ಹಾಗೇ. ಗಲ್ಫ್‌ನಲ್ಲಿ ಇಬ್ಬರು ಎದುರಾದರೆ ಆರೋಗ್ಯ, ಮನೆ, ಮಕ್ಕಳು, ಊರಿನ ಸುದ್ದಿ ಎಲ್ಲ ಸಾವಕಾಶವಾಗಿ ವಿಚಾರಿಸುತ್ತಾರೆ. ಇಂಗ್ಲಿಷಿನವರು ನಡೆಯುತ್ತಲೇ ಕೇಳಿ, ಉತ್ತರಕ್ಕೆ ಮುಂಚೆ ದಾಟಿಹೋಗಿರುತ್ತಾರೆ. ಅದು ಕೊಬ್ಬಲ್ಲ, ಅವರ ರೂಢಿ ಅಂತ ಮೊದಲೇ ಹೇಳಿಡಿ.

ಕೆಲವು ಪುಕ್ಕಟೆಯಾಗಿ ಸಿಗುತ್ತವೆ. ಒಂದೇ ಕಲ್ಲಿಗೆ ಎರಡು ಹಕ್ಕಿ ಅರಬ್ಬಿಯಲ್ಲೂ ಇದೆ. 'ಔಟ್ ಆಫ್ ಸೈಟ್, ಔಟ್ ಆಫ್ ಮೈಂಡ್' ಅನ್ನುವುದನ್ನು ಅವರು 'ಕಣ್ಣಿಗೆ ದೂರವಾದದ್ದು ಎದೆಗೂ ದೂರ' ಅನ್ನುತ್ತಾರೆ. ಮೊಸಳೆ ಕಣ್ಣೀರು ಅಲ್ಲೂ ಮೊಸಳೆಯದೇ. 'ಬ್ಯಾಕ್ ಟು ಸ್ಕ್ವೇರ್ ಒನ್' ಅಂದರೆ ಸೊನ್ನೆಯ ಬಿಂದುವಿಗೆ ಮರಳಿದ್ದು. 'ದಿ ಬಾಲ್ ಈಸ್ ಇನ್ ಯುವರ್ ಕೋರ್ಟ್' ಅರಬ್ಬಿ ಪೇಪರ್‌ಗಳಲ್ಲಿ ಚೆಂಡು ನಿಮ್ಮ ಮೈದಾನದಲ್ಲಿದೆ ಅಂತಲೇ ಬರುತ್ತದೆ. ಇವನ್ನು ಮೊದಲ ದಿನವೇ ಕೊಟ್ಟುಬಿಡಿ, ಹುಡುಗನಿಗೆ ಧೈರ್ಯ ಬರುತ್ತದೆ. 'ವೆನ್ ಪಿಗ್ಸ್ ಫ್ಲೈ' ಬಂದರೆ ಹಂದಿಯ ವಿವರಣೆಗೆ ಹೋಗಬೇಡಿ. ಈಜಿಪ್ಟಿನವರು ಆಗದ ಕೆಲಸಕ್ಕೆ 'ಬುಕ್ರಾ ಫಿಲ್ ಮಿಶ್‌ಮಿಶ್' ಅನ್ನುತ್ತಾರೆ, ನಾಳೆ ಏಪ್ರಿಕಾಟ್ ಕಾಲದಲ್ಲಿ ಅಂತ. ಆ ಹಣ್ಣಿನ ಕಾಲ ಬಂದದ್ದೇ ಗೊತ್ತಾಗದ ಹಾಗೆ ಮುಗಿದುಹೋಗುತ್ತದಂತೆ. ಅವರ ಸಿನಿಮಾ, ಧಾರಾವಾಹಿ ನೋಡಿ ಬೆಳೆದ ಸೌದಿ ಹುಡುಗನಿಗೂ ಇದು ಗೊತ್ತಿರಬಹುದು.

ಹುಷಾರಾಗಿರಬೇಕಾದದ್ದು ತಣ್ಣನೆಯ ಮಾತುಗಳ ಹತ್ತಿರ. 'ವಾರ್ಮ್ ವೆಲ್ಕಮ್' ತೊಂದರೆಯಿಲ್ಲ, ಅರಬ್ಬಿಯಲ್ಲೂ ಸ್ವಾಗತ ಬಿಸಿಯೇ. ಆದರೆ ಖುಷಿಯ ಸುದ್ದಿ ಬಂದರೆ ಅವರು 'ಅಥ್ಲಜ ಸದ್ರಿ' ಅನ್ನುತ್ತಾರೆ, ಎದೆಗೆ ಹಿಮ ಹಾಕಿದಂತಾಯಿತು ಅಂತ. ನಾವೂ 'ನಿನ್ನ ಹೊಟ್ಟೆ ತಣ್ಣಗಿರಲಿ' ಅಂತ ಹರಸುವವರು ಅಲ್ವಾ, ನಮಗೆ ತಕ್ಷಣ ಅರ್ಥವಾಗುತ್ತದೆ. ಇಂಗ್ಲಿಷಿನಲ್ಲಿ ಮನುಷ್ಯರ ನಡುವೆ ತಣ್ಣಗೆ ಅಂದರೆ ಹೆಚ್ಚಾಗಿ ಕೆಟ್ಟದ್ದೇ: 'ಕೋಲ್ಡ್ ಶೋಲ್ಡರ್' ಅಂದರೆ ಬೇಕೆಂದೇ ಕಡೆಗಣಿಸುವುದು, 'ಕೋಲ್ಡ್ ಹಾರ್ಟೆಡ್' ಅಂದರೆ ಕಲ್ಲೆದೆಯವನು. 'ನೈಟ್ ಔಲ್' ಇನ್ನೊಂದು. ರಾತ್ರಿ ತಡವಾಗಿ ಮಲಗುವವನು ಅಂತಷ್ಟೇ ಅರ್ಥ. ಆದರೆ ಅರಬ್ಬರಿಗೂ ಗೂಬೆ ಅಪಶಕುನ. ಬಾಸ್ ಅವನನ್ನು ಹಾಗೆ ಕರೆದರೆ ಮುಖ ಸಣ್ಣದಾಗುತ್ತದೆ. ನಮ್ಮವರದ್ದೂ ಆಗುತ್ತದೆ ಬಿಡಿ.

ನಿಜವಾದ ಬೆಟ್ಟ ಅಂದರೆ 'ಪುಟ್ ಆಫ್', 'ಪುಟ್ ಔಟ್', 'ಪುಟ್ ಅಪ್ ವಿತ್' ಥರದವು. ಮುಂದೂಡುವುದು, ಬೆಂಕಿ ಆರಿಸುವುದು, ಸಹಿಸಿಕೊಳ್ಳುವುದು, ಎಲ್ಲಕ್ಕೂ ಅದೇ 'ಪುಟ್'. ಪುಸ್ತಕಗಳು ಇವನ್ನು ಬಾಯಿಪಾಠ ಮಾಡು ಅನ್ನುತ್ತವೆ. ಅದಕ್ಕೆ ಮುಂಚೆ ಅವನ ಅರಬ್ಬಿಯಿಂದಲೇ ಒಂದು ಉದಾಹರಣೆ ತೆಗೆಯಿರಿ. 'ರಗಿಬ' ಅನ್ನುವ ಕ್ರಿಯಾಪದದ ಮುಂದೆ 'ಫೀ' ಬಂದರೆ ಬಯಸುವುದು, 'ಅನ್' ಬಂದರೆ ಬೇಡವೆಂದು ಮುಖ ತಿರುಗಿಸುವುದು. ಸಣ್ಣ ಪದವೊಂದು ಬದಲಾಗಿ ಅರ್ಥ ಪೂರ್ತಿ ಉಲ್ಟಾ! ಶಾಲೆಯಲ್ಲಿ ಅವನು ಇದನ್ನು ಓದಿರುತ್ತಾನೆ. ಇಂಗ್ಲಿಷ್ ಇದೇ ಆಟವನ್ನು ಜಾಸ್ತಿ ಆಡುತ್ತದೆ ಅಂತ ಗೊತ್ತಾದರೆ, ಇದು ಸುಮ್ನೆ ಹುಚ್ಚಾಟ ಅನ್ನುವ ಸಿಟ್ಟು ಹೋಗುತ್ತದೆ. ನನ್ನ ಹತ್ತಿರ ಕಲಿತವರಲ್ಲಿ ಇಷ್ಟು ಕೆಲಸ ಮಾಡಿದ ವಿವರಣೆ ಬೇರೆ ಇಲ್ಲ. ಹಾಗೇ 'ಓಪನ್ ದಿ ಲೈಟ್' ಅಂದರೆ ನಗಬೇಡಿ. ಅರಬ್ಬಿಯಲ್ಲಿ ದೀಪವನ್ನು ತೆರೆಯುತ್ತಾರೆ, ನಾವು ಹಾಕುತ್ತೇವೆ, ಇಂಗ್ಲಿಷಿನವರು ತಿರುಗಿಸುತ್ತಾರೆ.

ಒಂದು ಕಡೆ ನೀವೂ ಅವನೂ ಒಂದೇ ದೋಣಿಯಲ್ಲಿದ್ದೀರಿ. ನಮಗೆ 'ಮಾಡು' ಒಂದೇ, ಅವರ ಆಡುಮಾತಿನಲ್ಲಿ 'ಸವ್ವಿ' ಒಂದೇ. ಹಾಗಾಗಿ ಇಬ್ಬರೂ 'ಐ ಡಿಡ್ ಎ ಮಿಸ್ಟೇಕ್' ಅನ್ನುತ್ತೇವೆ. ಅಲ್ಲಿ 'ಮೇಡ್' ಬರಬೇಕು. ಇದಕ್ಕೆ ಅಡ್ಡದಾರಿಯಿಲ್ಲ, ಜತೆಯಾಗಿ ಕೂತು ಉರು ಹೊಡೆಯಿರಿ. ನಮ್ಮ ಮನೆಯ ಇಂಗ್ಲಿಷನ್ನು ಮಾತ್ರ ಅವನಿಗೆ ದಾಟಿಸಬೇಡಿ. 'ಡು ದಿ ನೀಡ್‌ಫುಲ್' ಹೇಗೂ ಆಫೀಸ್ ಮೇಲ್‌ಗಳಲ್ಲಿ ಕಲಿತಿರುತ್ತಾನೆ. ಆದರೆ '2015ರಲ್ಲಿ ಕಾಲೇಜಿನಿಂದ ಪಾಸ್ ಔಟ್ ಆದೆ' ಅಂತ ಬ್ರಿಟಿಷ್ ಮ್ಯಾನೇಜರ್ ಮುಂದೆ ಹೇಳಿದರೆ, ತಲೆ ಸುತ್ತಿ ಬಿದ್ದನೇ ಅಂದುಕೊಂಡಾರು.

ಉಚ್ಚಾರದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅರಬ್ಬಿಯಲ್ಲಿ 'ಪ' ಇಲ್ಲ, ಅದಕ್ಕೇ ಪಾರ್ಕಿಂಗ್ ಹೋಗಿ ಬಾರ್ಕಿಂಗ್ ಆಗುತ್ತದೆ. ಸುಲಭದ ಕೆಲಸಕ್ಕೆ ಹೇಳುವ 'ಪೀಸ್ ಆಫ್ ಕೇಕ್' ಅನ್ನು 'ಬೀಸ್ ಆಫ್ ಕೇಕ್' ಅಂದರೂ ಕೇಳುವವರಿಗೆ ತಿಳಿಯುತ್ತದೆ. ಪಾರ್ಕಿಂಗ್, ಪೇಮೆಂಟ್, ಪರ್ಮಿಟ್ ಥರ ಕೆಲಸದಲ್ಲಿ ದಿನಾ ಬೇಕಾಗುವ ನಾಲ್ಕು ಪದಗಳಲ್ಲಿ ತಿದ್ದಿ, ಉಳಿದದ್ದನ್ನು ಬಿಡಿ.